ಎರಡು ಬ್ರೇಕಿನ ನಡುವಿನ ಕೊಂಡಿ

ಟ್ರಾಕ್ಟರಿನ ಹಿಂದಿನ ಟೈರಿಗೆ ಪೈಪು ಸಿಕ್ಕಿಸಿ ನೀರು ತುಂಬುತ್ತಿದ್ದ ಅವರನ್ನು ಮೊದಲ ಸಲ ನೋಡಿದಾಗ, ಈ ಮನುಷ್ಯನ ತಲೆ ನೆಟ್ಟಗಿಲ್ಲ ಅಂದುಕೊಂಡೆ. ಗಾಳಿ ತುಂಬುವ ಕಡೆ ಯಾರಾದರೂ ನೀರು ತುಂಬುತ್ತಾರೆಯೇ? ನನಗಾಗ ಇಪ್ಪತ್ಮೂರು ವರ್ಷ. ಕೃಷಿ ಡಿಪ್ಲೊಮಾ ಮುಗಿಸಿ, ಹೊಸ ಶರ್ಟು ಹಾಕಿಕೊಂಡು, ಬಿಳಿಕೆರೆಯಿಂದ ಬೆಳಗಿನ ಬಸ್ಸು ಹಿಡಿದು ಫಾರಮ್ಮಿಗೆ ಸೂಪರ್‌ವೈಸರ್ ಆಗಿ ಬಂದಿದ್ದೆ. ಏನು ಮಾಡುತ್ತಿದ್ದೀರಿ ಎಂದು ಸ್ವಲ್ಪ ಗತ್ತಿನಿಂದಲೇ ಕೇಳಿದೆ. ಅವರು ತಲೆ ಎತ್ತದೆ, "ಬಾಯಾರಿದ್ರೆ ನಿಮ್ಗೂ ಕೊಡ್ತೀನಿ ತಡೀರಿ, ಮೊದ್ಲು ಇದು ಕುಡೀಲಿ" ಅಂದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಯಾಕೆ ಅನ್ನುವುದು ಓದುತ್ತ ಹೋದರೆ ಗೊತ್ತಾಗುತ್ತದೆ. ಫಾರಮ್ಮಿನಲ್ಲಿ ಎಲ್ಲರಿಗೂ ಅವರು ಡ್ರೈವರಣ್ಣ. ನನಗೂ ಅಷ್ಟೇ. ಅವರು ಮಾತ್ರ ನನ್ನನ್ನು ಕೊನೆಯವರೆಗೂ 'ಸೂಪ್ರವೈಜರ್ರೇ' ಎಂದು ಬಹುವಚನದಲ್ಲೇ ಕರೆದರು, ಒಂದೇ ಒಂದು ದಿನವನ್ನು ಬಿಟ್ಟರೆ.

ಫಾರಂ ಇದ್ದದ್ದು ಪಿರಿಯಾಪಟ್ಟಣದಿಂದ ಹಾರನಹಳ್ಳಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಕೆಳಗೆ ಹಸುಗಳ ಕೊಟ್ಟಿಗೆ, ಅದರ ಬೆನ್ನಿಗೇ ಬೋರೆ. ಬೋರೆ ಅಂದರೆ ಕಲ್ಲುಮಣ್ಣಿನ ಗುಡ್ಡ. ಬುಡದಲ್ಲೂ ನೆತ್ತಿಯಲ್ಲೂ ಒಂದಿಷ್ಟು ಮಟ್ಟ, ನಡುವೆ ಕಾಲು ಜಾರಿದರೆ ಕೊಟ್ಟಿಗೆಯ ಹಿಂದೆಯೇ ಹೋಗಿ ನಿಲ್ಲಬೇಕಾದ ಇಳಿಜಾರು. ಮಳೆ ಮುಗಿಯುವ ಹೊತ್ತಿಗೆ ಅಲ್ಲಿ ಎದೆಮಟ್ಟ ಹುಲ್ಲು ಬೆಳೆಯುತ್ತಿತ್ತು. ನಾನು ಸೇರುವ ಹಿಂದಿನ ಬೇಸಿಗೆಯಲ್ಲಿ ಯಾರೋ ಎಸೆದ ಬೀಡಿಯಿಂದ ಆ ಹುಲ್ಲು ಹೊತ್ತಿ, ಬೆಂಕಿ ಕೊಟ್ಟಿಗೆಯ ಗೋಡೆಯವರೆಗೆ ಇಳಿದು, ಹಗ್ಗ ಕೊಯ್ದು ಹಸುಗಳನ್ನು ಓಡಿಸಬೇಕಾಯಿತಂತೆ. ಆದ್ದರಿಂದ ಶಿವರಾತ್ರಿಯ ಒಳಗೆ ಬೋರೆಯ ಹುಲ್ಲು ಕೊಯ್ದು ಕೆಳಗೆ ಬರಲೇಬೇಕು. ಕುಡುಗೋಲಿನಲ್ಲಿ ಕೊಯ್ಯಿಸೋಣ ಅಂದರೆ, ಆ ತಿಂಗಳುಗಳಲ್ಲಿ ಹುಣಸೂರು ಪಿರಿಯಾಪಟ್ಟಣದ ಕಡೆ ಕೈ ಇದ್ದವರೆಲ್ಲ ಹೊಗೆಸೊಪ್ಪು ವಿಂಗಡಿಸುತ್ತ ಕೂತಿರುತ್ತಾರೆ. ಉಳಿದದ್ದು ಟ್ರಾಕ್ಟರು, ಅದರ ಹಿಂದೆ ಕಟ್ಟುವ ಹುಲ್ಲು ಕತ್ತರಿಸುವ ಮಿಷನ್ನು, ಮತ್ತು ಡ್ರೈವರಣ್ಣ.

ಟೈರಿಗೆ ನೀರು ತುಂಬುವುದು ಈ ಬೋರೆಗಾಗಿಯೇ. ನೀರು ತುಂಬಿದ ಚಕ್ರ ಭಾರಕ್ಕೆ ನೆಲ ಕಚ್ಚಿಕೊಂಡಿರುತ್ತದೆ. ಅದು ಸಾಲದೆಂದು ಎರಡು ಹಿಂದಿನ ಚಕ್ರಗಳನ್ನೂ ಬಿಚ್ಚಿ ಹೊರಕ್ಕೆ ಅಗಲಿಸಿ ಕೂರಿಸುತ್ತಿದ್ದರು. ಇದನ್ನು ಅವರಿಗೆ ಕಲಿಸಿದ್ದು ಬೈಲಕುಪ್ಪೆಯ ಒಬ್ಬ ಮುದುಕ ಟಿಬೆಟನ್ ಡ್ರೈವರು. ಇವರಿಗೆ ಅವರ ಭಾಷೆ ಬಾರದು, ಅವರಿಗೆ ನಾಲ್ಕೇ ನಾಲ್ಕು ಮಾತು ಕನ್ನಡ. ಆ ಮುದುಕ ಎದ್ದು, ಮೊದಲು ತಾವು ಕಾಲು ಜೋಡಿಸಿ ನಿಂತು ನನ್ನನ್ನು ತಳ್ಳು ಅಂದರಂತೆ, ಆಮೇಲೆ ಕಾಲು ಅಗಲಿಸಿ ನಿಂತು ತಳ್ಳು ಅಂದರಂತೆ. "ಅಷ್ಟೇ ಪಾಠ. ಫೀಸು ಅಂತ ಈ ಸ್ವೆಟರು ತಗಂಡೆ ಅವ್ರ ಅಂಗ್ಡೀಲಿ" ಎಂದು ತಮ್ಮ ಕೆಂಪು ಸ್ವೆಟರನ್ನು ಎಳೆದು ತೋರಿಸುತ್ತಿದ್ದರು. ಅದನ್ನು ಏಪ್ರಿಲ್ ಬಿಸಿಲಲ್ಲೂ ಬಿಚ್ಚುತ್ತಿರಲಿಲ್ಲ.

ಸ್ಟೇರಿಂಗಿನ ಪಕ್ಕದಲ್ಲಿ ಗಾರೆಯವರು ಗೋಡೆ ನೆಟ್ಟಗಿದೆಯೇ ಎಂದು ನೋಡುವ ದಾರದ ಗುಂಡೊಂದು ನೇತಾಡುತ್ತಿತ್ತು. ಅದರ ಹಿಂದೆ ಒಂದು ತಗಡು, ತಗಡಿನ ಮೇಲೆ ಎಡಕ್ಕೊಂದು ಬಲಕ್ಕೊಂದು ಕೆಂಪು ಗೆರೆ. ಟ್ರಾಕ್ಟರು ಒಂದು ಪಕ್ಕಕ್ಕೆ ವಾಲಿದಷ್ಟೂ ದಾರ ಗೆರೆಯ ಹತ್ತಿರ ಹೋಗುತ್ತಿತ್ತು. ನಮ್ಮ ಮ್ಯಾನೇಜರು ಮೈಸೂರಿನವರು, ಕಾಲಿಗೆ ಮಣ್ಣು ಅಂಟದ ಮನುಷ್ಯ. ಅವರಿಗೆ ಡ್ರೈವರಣ್ಣನ ನಿಧಾನ ಕಂಡರೆ ಮೈ ಉರಿಯುತ್ತಿತ್ತು. "ಹೊಲ ಉತ್ತ ಹಾಗೆ ಅಡ್ಡಡ್ಡ ಹೊಡೆದುಕೊಂಡು ಹೋಗ್ರೀ, ಎರಡು ದಿನದಲ್ಲಿ ಮುಗಿಯುತ್ತೆ" ಅನ್ನುತ್ತಿದ್ದರು. ಡ್ರೈವರಣ್ಣ ವಾದಕ್ಕೆ ಇಳಿಯುತ್ತಿರಲಿಲ್ಲ. "ನನ್ನ ಕೇಳ್ಬ್ಯಾಡಿ ಸಾ, ಗುಂಡು ಕೇಳಿ. ಅದು ಊಂ ಅಂದ್ರೆ ಓಡುಸ್ತೀನಿ" ಅಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಅವರ ಕ್ರಮವೇ ಬೇರೆ. ಹಿಂದಿನ ದಿನ ಇಡೀ ಬೋರೆಯನ್ನು ಬರಿಗಾಲಲ್ಲಿ ನಡೆಯುವುದು. ಕಲ್ಲು, ಹುತ್ತ, ಹಂದಿ ಕೆದಕಿದ ಗುಂಡಿ ಸಿಕ್ಕಲ್ಲೆಲ್ಲ ಬಿಳಿ ಬಟ್ಟೆ ಕಟ್ಟಿದ ಕೋಲು ನೆಡುವುದು. ಮಾರನೆಯ ಬೆಳಿಗ್ಗೆ ಹೆಗಲ ಟವೆಲನ್ನು ಹುಲ್ಲಿನ ಮೇಲೆ ಎಳೆಯುವುದು. ಟವೆಲಿಗೆ ಇಬ್ಬನಿ ಅಂಟಿದರೆ ಹತ್ತು ಗಂಟೆಯಾದರೂ ಸರಿ, ಹನ್ನೊಂದಾದರೂ ಸರಿ, ಟ್ರಾಕ್ಟರು ಹತ್ತುವ ಮಾತಿಲ್ಲ. ಇಬ್ಬನಿ ಆರಿದ ಮೇಲೆ ಗುಡ್ಡದ ಬೆನ್ನಿನ ಬಳಸು ದಾರಿಯಲ್ಲಿ ನೆತ್ತಿಗೆ ಹೋಗಿ, ಅಲ್ಲಿಂದ ಮೂತಿ ನೇರ ಕೆಳಕ್ಕೆ ಮಾಡಿ, ಎಲ್ಲಕ್ಕಿಂತ ಕೆಳಗಿನ ಗೇರಿನಲ್ಲಿ ಒಂದು ಪಟ್ಟಿ ಕೊಯ್ಯುತ್ತ ಇಳಿಯುವುದು. ಬುಡದ ಮಟ್ಟದಲ್ಲಿ ತಿರುಗಿ ಮತ್ತೆ ಬಳಸು ದಾರಿ, ಮತ್ತೆ ನೆತ್ತಿ. ಇಳಿಯುವಾಗ ಕ್ಲಚ್ಚಿನ ಮೇಲೆ ಕಾಲಿಡಬಾರದು. ಗೇರೇ ಹಿಡಿದುಕೊಂಡು ಇಳಿಸಬೇಕು. ಕ್ಲಚ್ ತುಳಿದರೆ ಎತ್ತಿಗೆ ಮೂಗುದಾರ ಬಿಚ್ಚಿದ ಹಾಗೆ. "ಕಣ್ಣಿಗಿಂತ ಮುಂಚೆ ಕುಂಡಿಗೆ ಗೊತ್ತಾಯ್ತದೆ ಕಣ್ರೀ ಟ್ರಾಕ್ಟ್ರು ಏಳ್ತಾ ಅದೆ ಅಂತ" ಎಂದು ಸೀಟು ತಟ್ಟಿ ಹೇಳುತ್ತಿದ್ದರು. ಹುಲ್ಲು ಕಟ್ಟುವ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಇಷ್ಟೆಲ್ಲ ಆದ ಮೇಲೂ ಹೊರಡುವ ಮುಂಚೆ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಕೊಂಡಿ ಆಕಿದ್ದೀರಾ?"

ಟ್ರಾಕ್ಟರು ಓಡಿಸದವರಿಗೆ ಇದನ್ನು ಹೇಳಬೇಕು. ಟ್ರಾಕ್ಟರಿಗೆ ಬ್ರೇಕಿನ ಪೆಡಲು ಎರಡು, ಎರಡೂ ಬಲಗಾಲಿನ ಕಡೆಯೇ ಇರುತ್ತವೆ. ಒಂದು ಎಡಚಕ್ರವನ್ನು ಹಿಡಿಯುತ್ತದೆ, ಇನ್ನೊಂದು ಬಲಚಕ್ರವನ್ನು. ಗದ್ದೆಯ ಮೂಲೆಯಲ್ಲಿ ಒಂದೇ ಚಕ್ರ ಹಿಡಿದರೆ ಟ್ರಾಕ್ಟರು ನಿಂತಲ್ಲೇ ಗಿರಕ್ಕೆಂದು ತಿರುಗುತ್ತದೆ. ಕೆಸರುಗದ್ದೆಯವರಿಗೆ ಅದಿಲ್ಲದೆ ಕೈಯೇ ಓಡುವುದಿಲ್ಲ. ಆದರೆ ರಸ್ತೆಗೆ, ಏರಿಗೆ, ಇಳಿಜಾರಿಗೆ ಹೋಗುವಾಗ ಎರಡೂ ಪೆಡಲನ್ನು ಒಂದು ಸಣ್ಣ ಕೊಂಡಿಯಿಂದ ಜೋಡಿಸಬೇಕು. ಬೆರಳುದ್ದದ ಕಬ್ಬಿಣ, ಅಷ್ಟೇ. ಡ್ರೈವರಣ್ಣ ಆ ಪ್ರಶ್ನೆಯನ್ನು ನಮ್ಮ ಫಾರಮ್ಮಿಗೆ ಗೊಬ್ಬರ ತರುವ ಟ್ರಾಕ್ಟರಿನವರಿಗೂ ಕೇಳುತ್ತಿದ್ದರು. ಹಾರನಹಳ್ಳಿಯ ಟೀ ಅಂಗಡಿಯ ಮುಂದೆ ನಿಂತ, ಯಾರದೆಂದೇ ಗೊತ್ತಿಲ್ಲದ ಟ್ರಾಕ್ಟರಿಗೂ ಬಗ್ಗಿ ನೋಡಿ, ಬಿಚ್ಚಿದ್ದರೆ ಹಾಕಿ ಬರುತ್ತಿದ್ದರು. ಅವರಿಗೆ ಇದೊಂದು ಹುಚ್ಚು ಎಂದು ನಾವು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು. ನಾನೂ ಆಡಿಕೊಂಡಿದ್ದೇನೆ, ಒಪ್ಪಿಕೊಳ್ಳುತ್ತೇನೆ.

ನಾನು ಸೇರಿದ ಎರಡನೆಯ ವರ್ಷ ಡ್ರೈವರಣ್ಣನ ಕೈಕೆಳಗೆ ಟ್ರಾಕ್ಟರು ಕಲಿತೆ. ಮಟ್ಟದ ಹೊಲ ಬಿಟ್ಟುಕೊಟ್ಟಿದ್ದರು, ಬೋರೆಗೆ ಮಾತ್ರ ಬಿಟ್ಟಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಪ್ರತಿ ವರ್ಷ ಅವರು ಎರಡು ದಿನ ರಜೆ ಹಾಕಿ ಕೆ.ಆರ್. ನಗರದ ಕಡೆಯ ತಮ್ಮ ಊರಿಗೆ ಹೋಗುತ್ತಿದ್ದರು. ಸತ್ತ ಭಾವಮೈದುನನಿಗೆ, ಅಂದರೆ ಹೆಂಡತಿಯ ತಮ್ಮನಿಗೆ, ಎಡೆ ಇಡುವುದಕ್ಕೆ. ಆ ವರ್ಷ ಹೋಗುವಾಗ ಬೋರೆಯಲ್ಲಿ ಇನ್ನು ಮೂರು ಪಟ್ಟಿ ಉಳಿದಿತ್ತು. ಕೋಲು ನೆಟ್ಟಾಗಿತ್ತು. "ನಾನು ಬರೋಗಂಟ ಅದ್ನ ಮುಟ್ಬ್ಯಾಡಿ" ಅಂದು ಹೋದರು.

ಅವರು ಹೋದ ದಿನ ನಾನು ರಾಗಿ ಹೊಲದಲ್ಲಿ ಮಾಗಿ ಉಳುಮೆ ಮಾಡಿದೆ. ಹೊಲ ಚಿಕ್ಕದು, ಮೂಲೆ ಇಕ್ಕಟ್ಟು. ಕೊಂಡಿ ಬಿಚ್ಚಿ, ಒಂದೇ ಬ್ರೇಕು ಒತ್ತಿ ಗಿರಕ್ಕೆಂದು ತಿರುಗಿಸಿದಾಗ ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಮಾರನೆಯ ಬೆಳಿಗ್ಗೆ ಮ್ಯಾನೇಜರು ಬಂದು, ಫಾರಂ ನೋಡಲು ಮಾಲೀಕರು ಬರುವವರಿದ್ದಾರೆ, ಆ ಮೂರು ಪಟ್ಟಿ ಗಡ್ಡ ಬಿಟ್ಟ ಹಾಗೆ ಕಾಣುತ್ತಿದೆ, "ನೀವೂ ಕಲಿತಿದ್ದೀರಲ್ಲ, ಹೊಡೆದುಬಿಡಿ" ಅಂದರು. ಡ್ರೈವರಣ್ಣನ ಮಾತು ನೆನಪಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ನೆನಪಾಯಿತು. ಆದರೆ ಕೆಳಗೆ ಹುಲ್ಲು ಕಟ್ಟುವ ಹೆಂಗಸರು ನೋಡುತ್ತಿದ್ದರು, ನನಗೆ ಇಪ್ಪತ್ತನಾಲ್ಕು ವರ್ಷ. ಮಿಷನ್ನು ಕಟ್ಟಿಸಿ ಹತ್ತಿಯೇ ಬಿಟ್ಟೆ.

ಮೊದಲ ಪಟ್ಟಿ ಬೆಣ್ಣೆ ಕೊಯ್ದ ಹಾಗೆ ಇಳಿಯಿತು. ಎರಡನೆಯದರ ಅರ್ಧದಲ್ಲಿ ಬ್ಲೇಡು ಯಾವುದೋ ಕಲ್ಲಿಗೆ ತಾಗಿ ಢಣ್ ಎಂದು ಸದ್ದಾಯಿತು. ಬೆಚ್ಚಿಬಿದ್ದು ಕ್ಲಚ್ ತುಳಿದೆ. ಟ್ರಾಕ್ಟರು ಸರಕ್ಕನೆ ಓಟ ಕಿತ್ತಿತು. ಅದನ್ನು ನಿಲ್ಲಿಸಲು ಬ್ರೇಕು ಒದ್ದೆ. ಕಾಲು ಬಿದ್ದದ್ದು ಬಲದ ಪೆಡಲಿನ ಮೇಲೆ ಮಾತ್ರ. ಕೊಂಡಿ ಹಾಕಿರಲಿಲ್ಲವಲ್ಲ, ಬಲಚಕ್ರ ಒಂದೇ ಹಿಡಿದುಕೊಂಡು, ಇಡೀ ಟ್ರಾಕ್ಟರು ಬಲಕ್ಕೆ ತಿರುಗಿ ಇಳಿಜಾರಿಗೆ ಅಡ್ಡಲಾಗಿ ನಿಂತಿತು. ಎಡಗಡೆಯ ಮುಂದಿನ ಚಕ್ರ ಒಂದು ಹುತ್ತಕ್ಕೆ ಆತುಕೊಂಡಿತ್ತು. ಮೇಲ್ಗಡೆಯ ಬಲಚಕ್ರ ನೆಲ ಬಿಟ್ಟು ಒಂದು ಗೇಣು ಎದ್ದು ಹಾಗೇ ನಿಂತಿತ್ತು. ಗುಂಡಿನ ದಾರ ಕೆಂಪು ಗೆರೆ ದಾಟಿ ಆಚೆಗಿತ್ತು. ಕೆಳಗೆ ನೋಡಿದರೆ ಕೊಟ್ಟಿಗೆಯ ಹೆಂಚು. ನಾನು ಉಸಿರಾಡುವುದಕ್ಕೂ ಹೆದರಿದೆ.

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಬಸ್ಸಿಳಿದು ಬರುತ್ತಿದ್ದ ಡ್ರೈವರಣ್ಣನಿಗೆ ದಾರಿಯಿಂದಲೇ ಬೋರೆ ಕಂಡಿತ್ತು. ಕೈಚೀಲ ಎಸೆದು ಓಡಿ ಬಂದರು. ಅಷ್ಟು ಅವಸರದಲ್ಲೂ ನೇರ ನನ್ನತ್ತ ಬರಲಿಲ್ಲ. ಟ್ರಾಕ್ಟರಿನ ಕೆಳಗಡೆ ಯಾವತ್ತೂ ನಿಲ್ಲಬಾರದು ಎಂಬ ತಮ್ಮದೇ ಮಾತಿನಂತೆ ಬಳಸಿಕೊಂಡು ಮೇಲಿನಿಂದ ಇಳಿದರು.

"ಏಳ್ಬ್ಯಾಡ! ಅಂಗೇ ಕುಂತಿರ್ಲಾ!" ಅಂದರು. "ಎಡಕ್ಕೆ ಬಗ್ಗಬ್ಯಾಡ. ಕಾಲು ತೆಗೀಬ್ಯಾಡ. ನನ್ನ ಮಕ ನೋಡು, ಕೆಳಿಕ್ಕೆ ನೋಡ್ಬ್ಯಾಡ."

"ಅಣ್ಣಾ, ಬೀಳುತ್ತೆ ಅಣ್ಣಾ."

"ಬೀಳಾಕಿಲ್ಲ ಕಣ್ಲಾ. ನಾನು ಬೀಳಾಕೆ ಬುಡಾಕಿಲ್ಲ. ಮೊದ್ಲು ಮಿಷನ್ನು ನಿಲ್ಸು. ಅಂಗೇ ಇಂಜಿನ್ ಆಫ್ ಮಾಡು. ಮೆತ್ತಗೆ."

ಕೊಟ್ಟಿಗೆಯಿಂದ ಹೋರಿ ಕಟ್ಟುವ ದಪ್ಪ ಹಗ್ಗ ತರಿಸಿದರು. ಮಲಗಿಕೊಂಡೇ ತೆವಳಿ ಹಿಂದಿನ ಅಚ್ಚಿಗೆ ಒಂದು ತುದಿ ಬಿಗಿದು, ಇನ್ನೊಂದನ್ನು ಮೇಲಿದ್ದ ಬಾಗೆ ಮರಕ್ಕೆ ಸುತ್ತಿ, ನಾಲ್ಕು ಜನ ಆಳುಗಳ ಕೈಗೆ ಕೊಟ್ಟರು. ಹಗ್ಗ ಬಿಗಿಯಾದ ಮೇಲೆ ನನ್ನನ್ನು ಬಲಗಡೆಗೆ, ಮೇಲಿನ ಕಡೆಗೆ, ಇಳಿಸಿಕೊಂಡರು. ನೆಲ ಮುಟ್ಟಿದ್ದೇ ತಡ ಹುಲ್ಲಿನ ಬುಡ ಹಿಡಿದು ಕೂತುಬಿಟ್ಟೆ. ಅವರು ನನ್ನತ್ತ ನೋಡಲಿಲ್ಲ. ಬಗ್ಗಿ ಪೆಡಲು ನೋಡುತ್ತಿದ್ದರು. ಕೊಂಡಿ ಬಿಚ್ಚಿ ಜೋತಾಡುತ್ತಿತ್ತು. ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿದ್ದನ್ನು ನಾನು ಕಂಡೆ. ಅದನ್ನು ಹಾಕಿದರು. ಆಮೇಲೆ ತಾವೇ ಹತ್ತಿ ಕೂತು, ಆಳುಗಳು ಹಗ್ಗವನ್ನು ಮರದ ಸುತ್ತಿನಿಂದ ಚೂರುಚೂರೇ ಬಿಡುತ್ತಿದ್ದ ಹಾಗೆ ಮೂತಿಯನ್ನು ಕೆಳಕ್ಕೆ ತಿರುಗಿಸಿ, ಬುಡದವರೆಗೆ ಇಳಿಸಿ ನಿಲ್ಲಿಸಿದರು.

ಮ್ಯಾನೇಜರು ಇಬ್ಬರನ್ನೂ ಕೋಣೆಗೆ ಕರೆಸಿದರು. ಇನ್ನು ಮೇಲೆ ಬೋರೆಯ ಸಹವಾಸವೇ ಬೇಡ, ಟ್ರಾಕ್ಟರು ಹತ್ತಿಸುವುದು ಬಂದ್, ಹುಲ್ಲು ಇದ್ದರೆ ಇರಲಿ ಅಂದರು. ನಾನು ತಲೆ ತಗ್ಗಿಸಿ ಸರಿ ಅನ್ನುವವನಿದ್ದೆ. ನಿಜ ಹೇಳಬೇಕೆಂದರೆ ನನಗೆ ಅದೇ ಬೇಕಾಗಿತ್ತು.

"ಹುಲ್ಲು ಇದ್ರೆ ಬೆಂಕಿ ಬತ್ತದೆ ಸಾ" ಅಂದರು ಡ್ರೈವರಣ್ಣ. "ಬೋರೆ ತಪ್ಪು ಮಾಡ್ಲಿಲ್ಲ, ಟ್ರಾಕ್ಟ್ರೂ ಮಾಡ್ಲಿಲ್ಲ. ಇನ್ನೂ ಒಂದೂವರೆ ಪಟ್ಟಿ ಅದೆ. ನಾಳೆ ಸೂಪ್ರವೈಜರ್ರೇ ಹೊಡೀತಾರೆ."

"ನಿಮಗೆ ಬುದ್ಧಿ ಇದೆಯೇನ್ರೀ?"

"ಅವ್ರು ಹೊಡೀಲಿಲ್ಲ ಅಂದ್ರೆ ನಾನೂ ಇನ್ನೊಂದು ಪಟ್ಟಿ ಹೊಡೆಯಾಕಿಲ್ಲ. ಲೆಕ್ಕ ಮಾಡಿ ಮನೆಗೆ ಕಳ್ಸಿ."

ಅವರು ಏರುದನಿಯಲ್ಲಿ ಹೇಳಲಿಲ್ಲ. ಆದರೆ ಆ ಮನುಷ್ಯ ಹೇಳಿದರೆ ಹೇಳಿದ ಹಾಗೆಯೇ ಎಂದು ಮ್ಯಾನೇಜರಿಗೂ ಗೊತ್ತಿತ್ತು. ಅಂಥ ಡ್ರೈವರು ಮತ್ತೆ ಸಿಗುವುದಿಲ್ಲ ಎಂದೂ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ನೆತ್ತಿಯ ಮೇಲೆ ಇಬ್ಬರೂ ಇಬ್ಬನಿ ಆರುವುದನ್ನು ಕಾಯುತ್ತ ಕೂತಿದ್ದೆವು. ಬಹುವಚನ ಮತ್ತೆ ಮರಳಿತ್ತು. "ನಿನ್ನೆ ಬಾಯ್ಗೆ ಬಂದಂಗೆ ಕರೆದ್ಬುಟ್ಟೆ, ಬೇಜಾರು ಮಾಡ್ಕಬ್ಯಾಡಿ" ಎಂದು ಶುರು ಮಾಡಿದರು. ಆಮೇಲೆ ಹುಲ್ಲಿನ ಕಡ್ಡಿಯೊಂದನ್ನು ಸೀಳುತ್ತ ಹೇಳಿದ್ದು ಇದು.

ಅವರ ಮಾವನಿಗೆ ನಾಲೆಯ ಕೆಳಗೆ ಗದ್ದೆ, ಸ್ವಂತ ಟ್ರಾಕ್ಟರು. ಸಂಕ್ರಾಂತಿ ಕಳೆದು ಬೇಸಿಗೆ ಭತ್ತಕ್ಕೆ ನೀರು ಬಿಟ್ಟಿದ್ದರು. ಇವರು ದಿನವೆಲ್ಲ ಕೊಂಡಿ ಬಿಚ್ಚಿಕೊಂಡು ಕೆಸರು ಹೊಡೆದು, ಸಾಯಂಕಾಲ ಗದ್ದೆಯಿಂದ ಮೇಲೆ ಹತ್ತಿಸಿ, ಕಾಲು ತೊಳೆಯಲು ಹೋಗುತ್ತ ಬಾಮೈದನಿಗೆ ಟ್ರಾಕ್ಟರು ಕೊಟ್ಟರು. ಹುಡುಗನಿಗೆ ಇಪ್ಪತ್ತು ವರ್ಷ. ನಾಲೆ ಏರಿಯ ಮೇಲೆ ಮನೆಯ ಕಡೆ ಹೊರಟ. ಎದುರಿಗೆ ಗಾಡಿ ಬಂತೋ ಏನೋ, ಬ್ರೇಕು ಹಾಕಿರಬೇಕು. ಇವರು ತಲೆ ಎತ್ತಿ ನೋಡಿದಾಗ ಟ್ರಾಕ್ಟರು ಏರಿಯಿಂದ ಮಗುಚಿ ನಾಲೆಯೊಳಗಿತ್ತು. ಹುಡುಗ ಅದರ ಅಡಿಯಲ್ಲಿದ್ದ.

"ಏರಿ ಮಣ್ಣು ಕುಸೀತು ಅಂದ್ರು ಎಲ್ಲಾ. ಟ್ರಾಕ್ಟ್ರು ಮೇಲೆತ್ತಿದ ಮೇಲೆ ನಾನು ಓಗಿ ನೋಡಿದ್ರೆ ಕೊಂಡಿ ಆಕಿತ್ತು ಕಣ್ರೀ. ನಾನು ಆಕಿರ್ನಿಲ್ಲ. ದೇವ್ರಾಣೆಗೂ ಆಕಿರ್ನಿಲ್ಲ. ಅವ್ನೇ ನೆನೆಸ್ಕಂಡು ಆಕ್ಕಂಡಿದ್ನೇನೋ, ನಿಜ್ವಾಗ್ಲೂ ಮಣ್ಣೇ ಕುಸೀತೇನೋ ಅಂತ ಒಂದೊಂದು ಸಲ ಮನ್ಸು ಆಸೆ ಪಡ್ತದೆ. ಒಂದೊಂದು ಸಲ ಇಲ್ಲ ಅಂತದೆ. ನನ್ನ ಎಂಡ್ರಿಗೆ ಇವತ್ತಿಗೂ ಏಳಿಲ್ಲ. ಅವ್ಳ ಒಡುಟ್ಟಿದವ್ನು. ಎಂಗೆ ಏಳ್ಲಿ? ನಿಮ್ಗೆ ಏಳ್ದೆ, ನಿನ್ನೆ ನೀವು ಅವ್ನಂಗೇ ಕಂಡ್ರಿ ಅದುಕ್ಕೆ."

ಅವರು ನನ್ನ ಮಾತಿಗೆ ಕಾಯಲಿಲ್ಲ. ಎದ್ದು ಟವೆಲು ಎಳೆದು ನೋಡಿ, ಅದು ಒಣಗಿದ್ದನ್ನು ನನ್ನ ಕೆನ್ನೆಗೆ ಒತ್ತಿ ತೋರಿಸಿದರು. "ಇವತ್ತು ಟ್ರಾಕ್ಟ್ರು ಅತ್ತಲಿಲ್ಲ ಅಂದ್ರೆ ಇನ್ಯಾವತ್ತೂ ಅತ್ತಾಕಿಲ್ಲ ನೀವು. ಇನ್ನೊಬ್ರಿಗೂ ಏಳ್ಕೊಡಾಕಿಲ್ಲ. ಏಳಿ ಮೇಲೆ. ಕೊಂಡಿ ಆಕಿದ್ದೀರಾ?"

ಬಗ್ಗಿ ನೋಡಿದೆ. ಕೈಯಿಂದ ಅಲ್ಲಾಡಿಸಿ ನೋಡಿದೆ. "ಹಾಕಿದ್ದೀನಿ" ಅಂದೆ. ಉಳಿದ ಒಂದೂವರೆ ಪಟ್ಟಿಯನ್ನು ನಾನೇ ಕೊಯ್ದೆ. ಅವರು ಪಕ್ಕದ ಇಳಿಜಾರಿನಲ್ಲಿ, ಯಾವಾಗಲೂ ನನಗಿಂತ ಮೇಲೆ, ನನ್ನ ಕಣ್ಣಿಗೆ ಕಾಣುವ ಹಾಗೆ ಆ ಕೆಂಪು ಸ್ವೆಟರಿನಲ್ಲಿ ಇಳಿದು ಬಂದರು. ಬುಡ ಮುಟ್ಟಿದಾಗ ನಾನು ಅತ್ತೆ. ಅದನ್ನು ಕಂಡೂ ಕಾಣದವರಂತೆ ಅವರು ಬ್ಲೇಡು ನೋಡಲು ಬಗ್ಗಿದರು.

ನಾನು ಆ ಫಾರಂ ಬಿಟ್ಟು ಎಚ್.ಡಿ. ಕೋಟೆ ಕಡೆಯ ಒಂದು ತೋಟಕ್ಕೆ ಸೇರಿ ಹತ್ತು ವರ್ಷ ಕಳೆದಿದೆ. ಇಲ್ಲೂ ಇಳಿಜಾರೇ. ನನ್ನ ಕೈಕೆಳಗೆ ಮೂವರು ಡ್ರೈವರುಗಳು ಇದ್ದಾರೆ, ಮೂವರೂ ನನ್ನ ಬೆನ್ನ ಹಿಂದೆ ನನ್ನ ಕೊಂಡಿಯ ಹುಚ್ಚನ್ನು ಆಡಿಕೊಳ್ಳುತ್ತಾರೆಂದು ನನಗೆ ಗೊತ್ತು. ಆಡಿಕೊಳ್ಳಲಿ. ಹೋದ ತಿಂಗಳು ಡ್ರೈವರಣ್ಣ ಹೋದರೆಂದು ಫೋನು ಬಂತು. ಮಣ್ಣಿಗೆ ಹೋಗಲಾಗಲಿಲ್ಲ, ಹನ್ನೊಂದರ ತಿಥಿಗೆ ಹೋದೆ.

ಅವರ ಹೆಂಡತಿಯನ್ನು ನಾನು ಅದೇ ಮೊದಲು ನೋಡಿದ್ದು. ಸಣ್ಣಗೆ, ನೆಟ್ಟಗೆ ಇದ್ದ ಹೆಂಗಸು. ಊಟವಾದ ಮೇಲೆ ಜಗಲಿಯ ಮೂಲೆಗೆ ಕರೆದು ಕೂರಿಸಿ, "ಬೋರೆ ಮೇಲೆ ಸಿಕ್ಕಾಕ್ಕಂಡಿದ್ದ ಸೂಪ್ರವೈಜರ್ರು ನೀವೇಯಾ?" ಅಂದರು. ಹೌದಮ್ಮ ಅಂದೆ.

"ಅವತ್ತು ನಿಮ್ಗೆ ಏನಾದ್ರೂ ಏಳಿದ್ರಾ? ನನ್ನ ತಮ್ಮನ ವಿಸ್ಯ?"

ನನಗೆ ಸುಳ್ಳು ಹೇಳಲು ಬರುವುದಿಲ್ಲ, ನಿಜ ಹೇಳಲು ಬಾಯಿ ಬರಲಿಲ್ಲ. ಎದುರಿಗಿಟ್ಟಿದ್ದ ಎಲೆ ಅಡಿಕೆ ತಟ್ಟೆಯಲ್ಲಿ ಅಡಿಕೆ ಹುಡುಕತೊಡಗಿದೆ.

"ಏಳಿದ್ದಾರೆ ಅನ್ನಿ" ಅಂದರು ಆಕೆ. "ಆ ಕೊಂಡಿ ಆಕಿದ್ದು ನಮ್ಮಪ್ಪ ಕಣಪ್ಪ. ಟ್ರಾಕ್ಟ್ರು ಮೇಲೆತ್ತಿದಾಗ ಬಿಚ್ಚೇ ಇತ್ತಂತೆ. ಪೊಲೀಸ್ನೋರು ಬರಾಕೆ ಮುಂಚೆ, ಯಾರೂ ನೋಡ್ದಂಗೆ ಆಕ್ಬುಟ್ರು. ಮಗ ಅಂತೂ ಓದ, ಅಳಿಯನ್ನೂ ಕಳ್ಕಂಡು ಮಗಳ ಮಕ ಎಂಗೆ ನೋಡ್ಲಿ ಅಂದ್ರು. ಅಪ್ಪ ಸಾಯಾವಾಗ ನಂಗೊಬ್ಳಿಗೇ ಏಳಿದ್ದು."

"ಡ್ರೈವರಣ್ಣನಿಗೆ ಹೇಳಲಿಲ್ಲವೇನಮ್ಮ ನೀವು?"

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. "ತಮ್ಮನೇ ಆಕ್ಕಂಡಿದ್ದ ಅಂತ ಅಂದ್ಕಳಾಕೆ ಅವ್ರಿಗೊಂದು ದಾರಿ ಇತ್ತು. ಅದೊಂದೇ ಇದ್ದುದ್ದು. ಅದ್ನೂ ಕಿತ್ಕಂಡು ನಾನು ಯಾವ ಸುಕ ಪಡ್ಲಿ? ನಂಗೊತ್ತು ಅಂತ ಅವ್ರಿಗೆ ಗೊತ್ತಾಗ್ದಂಗೆ ಬಾಳ್ದೆ ಕಣಪ್ಪ. ಕಷ್ಟವಾಗೇ ಇತ್ತು. ಬಾಳ್ದೆ."

ಹೊರಡಲು ಎದ್ದೆ. ಅಂಗಳದಲ್ಲಿ ಶಾಮಿಯಾನ, ಪಾತ್ರೆ ತಂದಿದ್ದ ಯಾರದೋ ಟ್ರಾಕ್ಟರು ನಿಂತಿತ್ತು. ಚಕ್ರಕ್ಕೆಲ್ಲ ಗದ್ದೆಯ ಹಸಿ ಕೆಸರು. ದಾಟಿ ಹೋಗಲು ಆಗಲಿಲ್ಲ. ಬಗ್ಗಿ ನೋಡಿದೆ, ಬಿಚ್ಚಿತ್ತು. ಕೆಸರು ಒರೆಸಿ, ಎರಡು ಪೆಡಲನ್ನೂ ಸರಿಸಮ ಮಾಡಿ ಜೋಡಿಸಿದೆ. ಹಿಂದೆ ತಿರುಗಿದರೆ ಆಕೆ ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು.

"ಆಕಿದ್ರಾ?" ಅಂದರು.

"ಹಾಕ್ದೆ ಕಣಮ್ಮ" ಅಂದೆ.